ಬೇರ್ಪಡಿಸಬಹುದಾದ ಗಂಟೆಗಳು

೨೦೦೬ರ ನವೆಂಬರ್ ತಿಂಗಳ ಒಂದು ಬೆಳಿಗ್ಗೆ ನಾನೂ ನನ್ನ ಗಂಡ ಪ್ರಕಾಶ್ ಅವರೂ ಎಂದಿನಂತೆ ಒಂದೇ ಟ್ರಾಮ್ ಹತ್ತಿದೆವು. ಗೋಥೆನ್‌ಬರ್ಗ್‌ನಲ್ಲಿ ಆ ತಿಂಗಳು ಬೆಳಕು ಬರುವಷ್ಟರಲ್ಲಿ ಜನ ಆಗಲೇ ಕೆಲಸದ ಮೇಜಿನ ಮುಂದೆ ಕುಳಿತಿರುತ್ತಾರೆ. ಟ್ರಾಮಿನ ಕಿಟಕಿಯಲ್ಲಿ ನಮ್ಮ ಮುಖಗಳೇ ಕಾಣುತ್ತಿದ್ದವು. ಪ್ರಕಾಶ್ ಕಾರು ತಯಾರಿಸುವ ಕಂಪನಿಯೊಂದರಲ್ಲಿ ಸೀಟುಗಳ ಪರೀಕ್ಷಾ ವಿಭಾಗದಲ್ಲಿದ್ದರು. ಸೀಟಿನ ಮೇಲೆ ಮನುಷ್ಯನಷ್ಟೇ ತೂಕದ ಬೊಂಬೆಯನ್ನು ಕೂರಿಸಿ ಗುದ್ದಿಸಿ ನೋಡುವುದು ಅವರ ಕೆಲಸ. ಆ ದಿನ ಅವರು ತಮ್ಮಷ್ಟಕ್ಕೆ ತಾವೇ ನಗುತ್ತಿದ್ದರು.

"ಏನ್ರೀ ಅದು, ಒಬ್ರೇ ನಗ್ತಿದೀರ?" ಎಂದೆ.

"ನಮ್ಮ ವಿನಯ್ ಇದಾನಲ್ಲ, ಬೆಂಗಳೂರಿಂದ ಹೊಸದಾಗಿ ಬಂದೋನು. ನಿನ್ನೆ ಯಾರೋ ಬೊಂಬೇನ ರಿಪೇರಿಗೆ ಅಂತ ಕಾಫಿ ರೂಮಲ್ಲಿ ಕುರ್ಚಿ ಮೇಲೆ ಕೂರ್ಸಿ ಹೋಗಿದ್ರು. ಟೋಪಿ ಬೇರೆ ಹಾಕಿದ್ರು. ಇವನು ಬಂದು ಇಲ್ಲಿನವರ ಹಾಗೆ ಹೇ ಅಂದ. ಅದು ಮಾತಾಡ್ಲಿಲ್ಲ. ಸ್ವೀಡನ್ ಜನ ಇರೋದೇ ಹೀಗೆ ಅಂದ್ಕೊಂಡು ಪಕ್ಕದಲ್ಲಿ ಕೂತು ಕಾಫಿ ಕುಡಿದ."

"ಸುಳ್ಳು ಹೇಳ್ಬೇಡಿ."

"ನಿನ್ನಾಣೆ. ನಾನು ಬಾಗಿಲಲ್ಲೇ ನಿಂತಿದ್ದೆ, ಅವನಿಗೆ ಗೊತ್ತಿಲ್ಲ. ಸ್ವಲ್ಪ ಹೊತ್ತಾದ್ಮೇಲೆ ತಡೀಲಾರ್ದೆ ಅದರ ಕಡೆ ತಿರುಗಿ ಒಂದು ಮಾತು ಹೇಳ್ದ ನೋಡು..." ಎನ್ನುವಷ್ಟರಲ್ಲಿ ಅವರ ಸ್ಟಾಪ್ ಬಂತು. ಬಾಗಿಲು ತೆರೆಯಿತು. "ಮಜಾ ಇರೋದೇ ಅಲ್ಲಿ. ಸಂಜೆ ಹೇಳ್ತೀನಿ," ಎಂದು ಇಳಿದರು. ಟ್ರಾಮ್ ಹೊರಟಾಗಲೂ ನಗುತ್ತಲೇ ಇದ್ದರು.

ಮಧ್ಯಾಹ್ನ ಬಟ್ಟೆ ಬದಲಿಸುವ ಕೋಣೆಯಲ್ಲಿ ಅವರ ಹೃದಯ ನಿಂತುಹೋಯಿತು. ನನಗೆ ಫೋನ್ ಬಂದಾಗ ನನ್ನ ಮೇಜಿನ ಮೇಲೆ ಮೆರ್ತಾ ಎಂಬ ವಕೀಲೆ ಬರೆದ ಖರ್ಚಿನ ಪಟ್ಟಿ ತೆರೆದಿತ್ತು. ನಾನು ಹೇಳಹೊರಟಿರುವುದು ಆ ಕೇಸಿನ ಬಗ್ಗೆ.

ಮೊದಲು ನನ್ನ ಕೆಲಸದ ಬಗ್ಗೆ ಹೇಳಬೇಕು. ನಾನು ತುಮಕೂರಿನಲ್ಲಿ ಬಿ.ಕಾಂ. ಮುಗಿಸಿ ಮದುವೆಯಾಗಿ ಸ್ವೀಡನ್ನಿಗೆ ಬಂದವಳು. ವಲಸೆ ಬಂದವರಿಗೆಂದು ನಡೆಸುವ ತರಗತಿಯಲ್ಲಿ ಭಾಷೆ ಕಲಿತು, ವಕೀಲರ ಕಚೇರಿಯ ಸಹಾಯಕಿಯ ಕೋರ್ಸ್ ಮಾಡಿ, ಯೋರಾನ್ ಎಂಬ ವಕೀಲರ ಬಳಿ ಸೇರಿದೆ. ಕಚೇರಿಯಲ್ಲಿ ಇದ್ದವರು ನಾವಿಬ್ಬರೇ. ಅಲ್ಲಿ ಯಾರನ್ನಾದರೂ ಹೆಸರು ಹಿಡಿದೇ ಕರೆಯುವುದು, ಏಕವಚನದಲ್ಲೇ ಮಾತನಾಡುವುದು ರೂಢಿ. ನನಗಿಂತ ಹಿರಿಯರಾದ ಯೋರಾನ್ ಅವರನ್ನು ನೀನು ಎನ್ನಲು ನನಗೆ ಒಂದು ವರ್ಷ ಹಿಡಿಯಿತು.

ಯೋರಾನ್ ಪಶ್ಚಿಮ ಕರಾವಳಿಯ ವಕೀಲರಲ್ಲಿ ಹೆಸರಾದವರು. ಅವರು ಕೇಸು ಗೆಲ್ಲಿಸಿ ಹೆಸರು ಮಾಡಿದವರಲ್ಲ. ಕೇಸು ಮುಗಿದ ಮೇಲೆ ಉಳಿಯುವ ಒಂದೇ ಒಂದು ಜಗಳ ಅವರ ಕ್ಷೇತ್ರವಾಗಿತ್ತು. ಸ್ವೀಡನ್ನಿನಲ್ಲಿ ಸಿವಿಲ್ ಕೇಸು ಸೋತವನು ಗೆದ್ದವನ ವಕೀಲರ ಖರ್ಚನ್ನೂ ಕೊಡಬೇಕು. ವಿಚಾರಣೆಯ ಕೊನೆಗೆ ಎರಡೂ ಕಡೆಯವರು ತಮ್ಮ ಖರ್ಚಿನ ಪಟ್ಟಿಯನ್ನು ನ್ಯಾಯಾಧೀಶರಿಗೆ ಕೊಡುತ್ತಾರೆ. ಯಾವ ದಿನ ಏನು ಕೆಲಸ ಮಾಡಿದೆ, ಎಷ್ಟು ಗಂಟೆ ಮಾಡಿದೆ ಎಂಬ ವಿವರ ಅದು. ನ್ಯಾಯಾಧೀಶರು ಎದುರಿನವರತ್ತ ತಿರುಗಿ ಒಪ್ಪಿಗೆಯೇ ಎಂದು ಕೇಳುತ್ತಾರೆ. ಎದುರಿನ ವಕೀಲರು ಹೆಚ್ಚಾಗಿ ಪಟ್ಟಿಯ ಮೇಲೊಮ್ಮೆ ಕಣ್ಣಾಡಿಸಿ "ಒಪ್ಪಿದೆ" ಎನ್ನುತ್ತಾರೆ. ಅದು ಹಳೆಯ ಸೌಜನ್ಯ. ನಾಳೆ ತಮ್ಮ ಪಟ್ಟಿಯೂ ಇನ್ನೊಬ್ಬರ ಕೈಗೆ ಹೋಗುತ್ತದೆ ಎಂಬ ಎಚ್ಚರವೂ ಅದರಲ್ಲಿತ್ತು.

ಯೋರಾನ್ ಒಪ್ಪಿದೆ ಎಂದದ್ದನ್ನು ಯಾರೂ ಕೇಳಿರಲಿಲ್ಲ. ಅದಕ್ಕೇ ವಿಮಾ ಕಂಪನಿಗಳು ಅವರನ್ನು ಕರೆಯುತ್ತಿದ್ದವು. ಹಕ್ಕನ್ನು ಕಾಪಾಡಲು ಎಷ್ಟು ಕೆಲಸ ಅಗತ್ಯವಿತ್ತೋ ಅಷ್ಟಕ್ಕೇ ಖರ್ಚು ಸಿಗಬೇಕು ಎನ್ನುತ್ತದೆ ಕಾನೂನು. ಅಗತ್ಯ ಎಂಬ ಆ ಒಂದು ಪದದ ಮೇಲೆ ಯೋರಾನ್ ತಮ್ಮ ಬದುಕು ಕಟ್ಟಿಕೊಂಡಿದ್ದರು.

"ಸುಮಾ," ಎಂದು ಅವರು ಮೊದಲ ವಾರವೇ ನನಗೆ ಹೇಳಿಕೊಟ್ಟಿದ್ದರು, "ಸುಳ್ಳುಗಾರರು 'ತಯಾರಿ' ಅಂತ ಒಂದೇ ಪದ ಬರೀತಾರೆ. ಅದರೊಳಗೆ ನಾವು ಕೈ ಹಾಕೋಕಾಗಲ್ಲ. ಪ್ರಾಮಾಣಿಕರು ನಡೆದದ್ದನ್ನೆಲ್ಲಾ ಬರೀತಾರೆ. ನಮ್ಮ ಊಟ ನಡೆಯೋದು ಅವರಿಂದ."

ಮೆರ್ತಾ ನಡೆದದ್ದನ್ನೆಲ್ಲಾ ಬರೆದಿದ್ದರು. ಗೋಥೆನ್‌ಬರ್ಗ್‌ನಿಂದ ಉತ್ತರಕ್ಕೆ ಸಮುದ್ರದ ಪಕ್ಕದ ಪುಟ್ಟ ಊರೊಂದರಲ್ಲಿ ಬೇಕರಿಯ ಮೇಲಿನ ಒಂದು ಕೋಣೆಯೇ ಅವರ ಕಚೇರಿ. ನಿವೃತ್ತಿಯ ವಯಸ್ಸು ದಾಟಿತ್ತು. ಅವರ ಕಕ್ಷಿದಾರಳು ಲೇನಾ ಎಂಬ ವಿಧವೆ. ಲೇನಾಳ ಗಂಡ ರೂನೆ ದೋಣಿ ರಿಪೇರಿ ಮಾಡುತ್ತಿದ್ದವನು. ಖಾಸಗಿ ದೋಣಿ ನಿಲ್ದಾಣವೊಂದರ ಮರದ ಅಟ್ಟಣೆ ಕುಸಿದು ಸತ್ತಿದ್ದ. ಕಾಲಿಡಬಾರದ ಕಡೆ ಅವನೇ ಕಾಲಿಟ್ಟ ಎಂದು ನಿಲ್ದಾಣದ ವಿಮಾ ಕಂಪನಿ ಎರಡು ವರ್ಷ ವಾದಿಸಿತು. ಮುಖ್ಯ ವಿಚಾರಣೆ ಇನ್ನೇನು ಶುರುವಾಗಬೇಕು ಎನ್ನುವಾಗ ಸುಮ್ಮನೆ ತಪ್ಪೊಪ್ಪಿಕೊಂಡು ಪರಿಹಾರ ಕೊಡಲು ಒಪ್ಪಿತು. ಆದರೆ ಮೆರ್ತಾರ ಖರ್ಚನ್ನು ಒಪ್ಪಲಿಲ್ಲ. ಅಷ್ಟಕ್ಕೆ ಯೋರಾನ್‌ರನ್ನು ನೇಮಿಸಿತು.

ಆ ಪಟ್ಟಿ ಹೀಗಿತ್ತು: ಲೇನಾ ಬಂದಳು. ರೂನೆಯ ಕೊನೆಯ ಬೆಳಗಿನ ಬಗ್ಗೆ ಮಾತು. ಎರಡು ಗಂಟೆ. ಲೇನಾ ಬಂದಳು. ಮತ್ತೆ ಕೊನೆಯ ಬೆಳಗು. ಒಂದೂವರೆ ಗಂಟೆ. ರೂನೆ ಸೇಬಿನ ಗಿಡಕ್ಕೆ ಕಸಿ ಕಟ್ಟಿದ ಬಗ್ಗೆ. ಒಂದು ಗಂಟೆ. ಮಾತಿಲ್ಲ. ಕುಳಿತಿದ್ದೆವು. ಮುಕ್ಕಾಲು ಗಂಟೆ.

"ಇದು ಖರ್ಚಿನ ಪಟ್ಟಿಯಲ್ಲ, ಕಾಫಿ ಹರಟೆ," ಎಂದು ಯೋರಾನ್ ಸೇಬನ್ನು ಚಾಕುವಿನಲ್ಲಿ ಹೋಳು ಮಾಡುತ್ತಾ ನಕ್ಕಿದ್ದರು. ಅವರು ಮಧ್ಯಾಹ್ನ ಸೇಬು ಮಾತ್ರ ತಿನ್ನುತ್ತಿದ್ದರು.

ಕೋರ್ಟು ಕಡಿತ ಮಾಡಿದ್ದು ಮಾಯವಾಗುವುದಿಲ್ಲ. ಅದು ಕಕ್ಷಿದಾರರ ತಲೆಗೇ ಬರುತ್ತದೆ. ಲೇನಾಳ ಮನೆ ವಿಮೆಯಿಂದ ವಕೀಲರಿಗೆಂದು ಸಿಗುವ ಹಣದ ಮಿತಿ ಆಗಲೇ ಮುಗಿದಿತ್ತು. ರೂನೆಯ ಸಂಪಾದನೆ ಕಡಿಮೆಯಿದ್ದುದರಿಂದ ಪರಿಹಾರವೂ ಕಡಿಮೆ. ಅವಳ ಬಳಿ ಮಾರಬಹುದಾದದ್ದು ಒಂದೇ, ನೀರಿನ ಅಂಚಿನಲ್ಲಿದ್ದ ರೂನೆಯ ದೋಣಿಮನೆ, ಎಂದರೆ ದೋಣಿ ಇಡುವ ಮರದ ಶೆಡ್. ಅದರೊಳಗೆ ಅವನು ಅರ್ಧ ಕಟ್ಟಿದ ದೋಣಿಯೊಂದಿತ್ತು. ಇದೆಲ್ಲ ಮೆರ್ತಾ ಕೋರ್ಟಿಗೆ ಬರೆದ ಪತ್ರದಲ್ಲೇ ಇತ್ತು. ಅದನ್ನು ಬರೆಯಬೇಕಾದ ಅಗತ್ಯವೇ ಇರಲಿಲ್ಲ. ಅವರು ಎಲ್ಲವನ್ನೂ ಬರೆಯುವವರು.

ಸ್ವೀಡನ್ನಿನಲ್ಲಿ ಅಂತ್ಯಕ್ರಿಯೆಗೂ ಸರದಿ ಇದೆ. ವಾರಗಟ್ಟಲೆ ಕಾಯಬೇಕು. ಪ್ರಕಾಶ್ ಆಸ್ಪತ್ರೆಯ ಶೀತಕೋಣೆಯಲ್ಲಿದ್ದರು. ಕನ್ನಡದವರು ದಿನಾ ಬಂದರು. ಎಲ್ಲರಿಗೂ ದೊಡ್ಡವರಾದ ಗೀತಕ್ಕ ಎರಡು ಹೊತ್ತೂ ಅಡುಗೆ ಮಾಡಿಸಿ ತಂದರು. ನಾನು "ಅವತ್ತು ಟ್ರಾಮಲ್ಲಿ ಇವರು..." ಎಂದು ಶುರು ಮಾಡಿದರೆ ಗೀತಕ್ಕ ನನ್ನ ಕೈ ಹಿಡಿದು, "ಬೇಡ ಕಣೇ, ಅದನ್ನೆಲ್ಲ ಈಗ ನೆನಪಿಸ್ಕೋಬೇಡ. ಎರಡು ತುತ್ತು ತಿನ್ನು. ಯಾರೇ ಅಲ್ಲಿ, ಸಾರು ಬಿಸಿ ಮಾಡು," ಎನ್ನುತ್ತಿದ್ದರು. ಅವರದು ಪ್ರೀತಿ. ಸ್ವೀಡನ್ನಿನವರದು ಬೇರೆ ಬಗೆ. ಮೇಲಿನ ಮನೆಯಾಕೆ ಬಾಗಿಲ ಬಳಿ ಹೂವಿಟ್ಟು ಗಂಟೆ ಒತ್ತದೆ ಹೋದಳು. ಹೀಗೆ ಎರಡೂ ಕಡೆಯ ಒಳ್ಳೆಯತನದ ನಡುವೆ ನಾನು ಬಾಯಿ ಮುಚ್ಚಿಕೊಂಡೆ. ಮನೆಯಲ್ಲಿರಲಾಗದೆ, ಅವರ ಅಂತ್ಯಕ್ರಿಯೆ ಆಗುವ ಮೊದಲೇ ಕೆಲಸಕ್ಕೆ ಹೋದೆ.

ಯೋರಾನ್ ಎದ್ದು ನಿಂತು ಕೈ ಕುಲುಕಿ ಸಂತಾಪ ಹೇಳಿದರು. ನನ್ನ ಮೇಜಿನ ಮೇಲೆ ಬಿಳಿ ಹೂವಿತ್ತು. ಪಕ್ಕದಲ್ಲಿ ಮೆರ್ತಾರ ಪಟ್ಟಿ ಮತ್ತು ಕೆಂಪು ಪೆನ್ನು.

"ಬೇಡ ಅನ್ನಿಸಿದರೆ ಹೇಳು," ಎಂದರು. "ಆದರೆ ಈ ಕೆಲಸ ಈಗ ನಿನ್ನಷ್ಟು ಚೆನ್ನಾಗಿ ಯಾರಿಗೂ ಬರಲ್ಲ. ಇದರಲ್ಲಿ ಯಾವುದು ದುಃಖ, ಯಾವುದು ಕೇಸು, ನನಗಿಂತ ನಿನಗೆ ಗೊತ್ತಾಗುತ್ತೆ. ದುಃಖಕ್ಕೆಲ್ಲ ಕೆಂಪು ಗೆರೆ ಹಾಕು."

ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಸೊಂಟ ನೋಯುವವನಿಗೆ ಹಾಸಿಗೆ ಆರಿಸಲು ಹೇಳಿದ ಹಾಗೆ ಹೇಳಿದರು. ಆ ದನಿ ನನಗೆ ಇಂದಿಗೂ ಕೇಳಿಸುತ್ತದೆ.

ದಿನವಿಡೀ ಕುಳಿತೆ. ಕೊನೆಯ ಬೆಳಗಿನ ಮೊದಲ ಮಾತುಕತೆ ಕೇಸಿಗೆ ಬೇಕಾದದ್ದು. ಎರಡನೆಯದು? ಅದರ ಕೆಳಗೆ ಮೆರ್ತಾ, ರೂನೆ ಟೋಪಿ ಮರೆತು ವಾಪಸು ಬಂದದ್ದು ಈ ಸಲ ನೆನಪಾಯಿತು ಎಂದು ಬರೆದಿದ್ದರು. ನಾನೂ ನನ್ನ ಆ ಬೆಳಗನ್ನು ಮತ್ತೆ ಮತ್ತೆ ನಡೆದು ಬರುತ್ತಿದ್ದೆ. ಒಂದು ಸಲ ಟ್ರಾಮ್ ಮಾತ್ರ ನೆನಪಾಗಿತ್ತು. ಇನ್ನೊಂದು ಸಲ, ಮೆಟ್ಟಿಲಿಳಿಯುವಾಗ ಅವರು ಒಮ್ಮೆ ಎದೆ ಉಜ್ಜಿಕೊಂಡದ್ದು. ಅದು ಬರಬೇಕಾದರೆ ಮೊದಲು ಅವರ ಸ್ವೆಟರ್ ನೆನಪಾಗಬೇಕಿತ್ತು, ಅದನ್ನು ಕೊಂಡ ಅಂಗಡಿ ನೆನಪಾಗಬೇಕಿತ್ತು.

ಸಂಜೆ ಪಟ್ಟಿಯನ್ನು ಗೆರೆಯಿಲ್ಲದೆ ಯೋರಾನ್ ಮುಂದಿಟ್ಟೆ. "ಬೇರ್ಪಡಿಸೋಕೆ ಆಗಲ್ಲ," ಎಂದೆ.

"ಯಾಕೆ?"

"ಕೇಸಿಗೆ ಬೇಕು ಅಂತ ಆವತ್ತು ಗಾಳಿ ಹೇಗಿತ್ತು ಎಂದು ಕೇಳಿದರೆ ಅವಳು ಟೋಪಿ ವಿಷಯ ಹೇಳಬೇಕು. ಟೋಪಿ ಬಂದರೆ ಅದನ್ನ ಹೆಣೆದುಕೊಟ್ಟ ಅತ್ತೆ ಬರಬೇಕು. ಒಂದನ್ನು ಹೇಳದೆ ಇನ್ನೊಂದು ನೆನಪಿಗೇ ಬರಲ್ಲ. ಸುಮ್ಮನೆ ಕೂತ ಮುಕ್ಕಾಲು ಗಂಟೆಯೂ ಹಾಗೇ. ಆವತ್ತು ಕೂರದಿದ್ದರೆ ಮುಂದಿನ ವಾರ ಮಾತು ಬರ್ತಿರಲಿಲ್ಲ."

ಯೋರಾನ್ ಪಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡು ಆ ಸಾಲುಗಳನ್ನು ಮತ್ತೆ ಓದಿದರು. ನನ್ನ ಮಾತು ಅವರಿಗೆ ತಾಗಿತು ಎಂದೇ ನಾನು ಭಾವಿಸಿದೆ. ತಾಗಿದ್ದು ನಿಜ, ಅವರೊಳಗಿನ ವಕೀಲನಿಗೆ ತಾಗಿತ್ತು.

"ಇದು ಒಳ್ಳೆಯ ವಾದ," ಎಂದರು. "ಮೆರ್ತಾಗೆ ಇದು ಹೊಳೆದರೆ ನಾವು ಸೋತ ಹಾಗೆ. ಬೇರ್ಪಡಿಸಲು ಆಗದ್ದನ್ನ ಕೋರ್ಟು ಕಡಿಯಲ್ಲ." ಆಮೇಲೆ ಕೆಂಪು ಪೆನ್ನನ್ನು ತಾವೇ ಎತ್ತಿಕೊಂಡರು. "ಈ ಮಾತು ಈ ಕೋಣೆಯಿಂದ ಆಚೆ ಹೋಗಬಾರದು. ಗೊತ್ತಲ್ಲ?"

ಗೊತ್ತಿತ್ತು. ವಕೀಲರ ಕಚೇರಿಯಲ್ಲಿ ಗುಮಾಸ್ತೆಯೂ ಮೌನಕ್ಕೆ ಬದ್ಧಳು. ಒಂದು ಕಡೆಯವರ ಕೋಣೆಯಲ್ಲಿ ಹುಟ್ಟಿದ ವಾದ ಇನ್ನೊಂದು ಕಡೆಗೆ ಹೋಗುವಂತಿಲ್ಲ.

ಡಿಸೆಂಬರ್‌ನಲ್ಲಿ ಆ ಭಾಗದ ಜಿಲ್ಲಾ ನ್ಯಾಯಾಲಯದಲ್ಲಿ ವಿಚಾರಣೆ. ಸಣ್ಣ ಕೋಣೆ. ಕಿಟಕಿಯಲ್ಲಿ ಕ್ರಿಸ್‌ಮಸ್ ಹಬ್ಬದ ಕಾಗದದ ನಕ್ಷತ್ರ ಬೆಳಗುತ್ತಿತ್ತು. ಮೆರ್ತಾ ದಪ್ಪ ಉಣ್ಣೆಯ ಕೋಟು ತೆಗೆದು ಕುರ್ಚಿಗೆ ಹಾಕಿ ಕುಳಿತರು. ಪಕ್ಕದಲ್ಲಿ ಲೇನಾ. ಐವತ್ತರ ಆಸುಪಾಸಿನ, ಕೈಗಳು ಒರಟಾದ ಹೆಂಗಸು. ಖರ್ಚಿನ ವಿಚಾರಣೆಗೆ ಕಕ್ಷಿದಾರರು ಬರಲೇಬೇಕೆಂದಿಲ್ಲ. ಅವಳು ಬಂದಿದ್ದಳು.

ಯೋರಾನ್ ಎದ್ದು ಮೃದುವಾಗಿ ಕೇಳಿದರು. "ಫೆಬ್ರವರಿಯ ಈ ಭೇಟಿ. 'ಮಾತಿಲ್ಲ. ಕುಳಿತಿದ್ದೆವು.' ಆ ಹೊತ್ತಿನಲ್ಲಿ ಯಾವ ಕಾನೂನು ಕೆಲಸ ನಡೆಯಿತು?"

"ಯಾವುದೂ ಇಲ್ಲ," ಎಂದರು ಮೆರ್ತಾ. "ಆವತ್ತು ಅವಳನ್ನು ಹಾಗೇ ಬಸ್ಸು ಹತ್ತಿಸಲು ನನಗೆ ಮನಸ್ಸಾಗಲಿಲ್ಲ."

"ಅಂದರೆ ದಯೆ."

"ಹೌದು."

"ದಯೆ ಒಳ್ಳೆಯದು. ಅದರ ಬಿಲ್ಲು ನನ್ನ ಕಕ್ಷಿದಾರರಿಗೆ ಯಾಕೆ ಬರಬೇಕು ಎಂದಷ್ಟೇ ನನ್ನ ಪ್ರಶ್ನೆ."

ನಂತರ ಸೇಬಿನ ಗಿಡ. ಯೋರಾನ್ ಲೇನಾಳನ್ನೇ ಕೇಳಿದರು, ಕಸಿ ಕಟ್ಟಿದ್ದು ಯಾವ ವರ್ಷ, ಯಾವ ಜಾತಿ ಎಂದು. ಅವಳಿಗೆ ಖುಷಿಯಾಗಿರಬೇಕು. ಎಲ್ಲವನ್ನೂ ಹೇಳಿದಳು. ಒಂದೇ ಗಿಡದಲ್ಲಿ ಎರಡು ಜಾತಿಯ ಹಣ್ಣು ಬಿಡುತ್ತಿತ್ತಂತೆ, ಅಕ್ಕಪಕ್ಕದವರು ಗಾಡಿ ನಿಲ್ಲಿಸಿ ನೋಡುತ್ತಿದ್ದರಂತೆ. ಯೋರಾನ್ ಕೊನೆಯವರೆಗೂ ಕೇಳಿಸಿಕೊಂಡರು. "ಆ ಗಿಡ ದೋಣಿ ನಿಲ್ದಾಣದ ಹತ್ತಿರ ಇದೆಯೇ?" ಎಂದರು. ಇಲ್ಲ, ಮನೆಯ ಹಿಂದೆ ಎಂದಳು. "ಧನ್ಯವಾದ," ಎಂದು ಕುಳಿತರು.

ನ್ಯಾಯಾಧೀಶೆ ಆಗ ಮೆರ್ತಾರಿಗೆ ದಾರಿ ಬಿಟ್ಟುಕೊಟ್ಟರು. ಬೇಕೆಂದೇ ಬಿಟ್ಟುಕೊಟ್ಟರು ಎಂದು ನನ್ನ ನಂಬಿಕೆ. "ಈ ಮಾತುಕತೆಗಳಲ್ಲಿ ಕೇಸಿಗೆ ಅಗತ್ಯವಾದದ್ದನ್ನೂ ಅಲ್ಲದ್ದನ್ನೂ ಬೇರ್ಪಡಿಸಲು ಸಾಧ್ಯವೇ?" ಎಂದು ನಿಧಾನವಾಗಿ ಕೇಳಿದರು.

ಸಾಧ್ಯವಿಲ್ಲ ಎಂಬ ಒಂದು ಉತ್ತರ ಸಾಕಾಗಿತ್ತು. ನನ್ನ ಬಾಯಿ ತಾನಾಗಿಯೇ ತೆರೆಯಿತು. ಯೋರಾನ್ ನನ್ನ ಕಡೆ ನೋಡಲಿಲ್ಲ. ನನ್ನ ಮುಂದಿದ್ದ ಕಾಗದಗಳ ಮೇಲೆ ಅಂಗೈ ಊರಿದರು, ಅಷ್ಟೇ.

ಮೆರ್ತಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಸಾಧ್ಯ," ಎಂದರು.

ಅವರೇ ಪಟ್ಟಿ ಹಿಡಿದು ಬೇರ್ಪಡಿಸತೊಡಗಿದರು. ಇದು ಅಗತ್ಯ. ಇದು ಅಲ್ಲ. ಇದರಲ್ಲಿ ಅರ್ಧ. ಯೋರಾನ್ ಕೆಂಪು ಗೆರೆ ಎಳೆಯದೆ ಬಿಟ್ಟಿದ್ದ ಕಡೆಯೂ ಅವರು ಅಲ್ಲ ಎಂದರು. ಪ್ರಶ್ನೆ ಕೇಳಿದ್ದಕ್ಕೆ ಸತ್ಯ ಹೇಳುತ್ತಿದ್ದರು, ಬೇರೇನೂ ಅಲ್ಲ. ಲೇನಾ ಪ್ರತಿ ಸಾಲಿಗೂ ಅವರ ಬೆರಳನ್ನೇ ನೋಡುತ್ತಿದ್ದಳು. ಬೆರಳು ಸೇಬಿನ ಗಿಡಕ್ಕೆ ಬಂದಾಗ ತಲೆಯೆತ್ತಿದಳು.

"ಅದೂ ಬೇಡವಾ?"

"ಕೇಸಿಗೆ ಬೇಡ, ಲೇನಾ."

"ಸರಿ," ಎಂದಳು.

ಮುಂದೆ ವಾದಿಸುವುದೇನಾದರೂ ಇದೆಯೇ ಎಂದು ನ್ಯಾಯಾಧೀಶೆ ಯೋರಾನ್‌ರನ್ನು ಕೇಳಿದರು. "ಇಲ್ಲ. ನನ್ನ ಕೆಲಸವನ್ನು ಸಹೋದ್ಯೋಗಿಯೇ ಮಾಡಿಕೊಟ್ಟಿದ್ದಾರೆ," ಎಂದರು ಯೋರಾನ್.

ಹೊರಗಿನ ಓಣಿಯಲ್ಲಿ ಕಾಫಿ ಯಂತ್ರವಿತ್ತು. ಯೋರಾನ್ ಫೋನ್ ಮಾಡಲು ಹೋಗಿದ್ದರು. ಕಂಬದ ಆಚೆ ಮೆರ್ತಾರ ದನಿ ಕೇಳಿಸಿತು.

"ಕಡಿದದ್ದನ್ನ ನಾನು ನಿನ್ನಿಂದ ತಗೊಳ್ಳಲ್ಲ, ಲೇನಾ."

"ತಗೋತೀಯ. ನೀನು ಕೂತು ಕೇಳಿದೆ. ಪುಕ್ಕಟೆ ಕೇಳಿದೆ ಅಂತ ಆದರೆ, ನಾನು ನಿನ್ನ ಹತ್ತಿರ ಭಿಕ್ಷೆಗೆ ಬಂದ ಹಾಗಾಗುತ್ತೆ."

"ದೋಣಿಮನೆ..."

"ಅದು ಬರೀ ಮರ, ಮೆರ್ತಾ."

ಸ್ವಲ್ಪ ಹೊತ್ತಿಗೆ ಲೇನಾ ಕಾಫಿಗೆ ಬಂದಳು. ನನ್ನನ್ನು ನೋಡಿ ನಿಂತಳು. "ನೀನು ಅವನ ಪಕ್ಕ ಕೂತಿದ್ದವಳು. ಅಲ್ಲಿ ಏನೋ ಹೇಳೋಕೆ ಬಾಯಿ ತೆರೆದೆ."

ನನಗೆ ಹೇಳಲು ಹಕ್ಕಿದ್ದದ್ದು ಒಂದೇ ಮಾತು. "ಹೋದ ತಿಂಗಳು ನನ್ನ ಗಂಡ ತೀರಿಕೊಂಡರು," ಎಂದೆ.

ಅವಳು ಸಂತಾಪ ಹೇಳಲಿಲ್ಲ. "ಹೆಸರೇನು?" ಎಂದಳು.

"ಪ್ರಕಾಶ್."

"ಪ್ರಕಾಶ್," ಎಂದು ಹೇಳಿ ನೋಡಿದಳು. "ಕಾಫಿ ಹೇಗೆ ಕುಡೀತಿದ್ದ?"

ಅಷ್ಟು ದಿನಗಳಲ್ಲಿ ಅವರ ಬಗ್ಗೆ ನನ್ನನ್ನು ಯಾರಾದರೂ ಕೇಳಿದ ಮೊದಲ ಪ್ರಶ್ನೆ ಅದು. "ಸಕ್ಕರೆ ಜಾಸ್ತಿ. ಲೋಟದ ತಳದಲ್ಲಿ ಕರಗದೆ ಉಳಿದದ್ದನ್ನ ಬೆರಳಲ್ಲಿ ತಿಂತಿದ್ದರು," ಎಂದೆ. ಲೇನಾ ತಲೆಯಾಡಿಸಿ ಇನ್ನೂ ಹೇಳು ಎಂಬಂತೆ ನಿಂತಳು. ನಾನು ಉಸಿರು ತೆಗೆದುಕೊಂಡೆ. ಅಷ್ಟರಲ್ಲಿ ಯೋರಾನ್ ಎರಡೂ ಕೋಟು ಹಿಡಿದು ಬಂದರು.

"ಸುಮಾ, ರೈಲು."

ರೈಲಿನಲ್ಲಿ ಅವರು ಸೇಬು ಹೋಳು ಮಾಡಿ ಅರ್ಧ ನನಗೆ ಕೊಟ್ಟರು. "ಬಾಯಿ ಬಿಡಲಿಲ್ಲ ನೀನು. ಅದನ್ನ ನಾನು ಮರೆಯಲ್ಲ," ಎಂದರು. ನಿಜವಾಗಿ ಮರೆಯಲೂ ಇಲ್ಲ. ಮರುವರ್ಷ ನನ್ನ ಸಂಬಳ ಹೆಚ್ಚಿಸಿದರು.

ತೀರ್ಪು ಹಬ್ಬದ ಮುಂಚೆ ಬಂತು. ಮೆರ್ತಾ ತಾವೇ ಬೇಡ ಎಂದದ್ದನ್ನೆಲ್ಲ ಕೋರ್ಟು ಕಡಿದಿತ್ತು. ಅಗತ್ಯವಿಲ್ಲದ ಮಾತಿಗೆ ಇಷ್ಟು ಸಮಯ ಕೊಟ್ಟವರು ಅಗತ್ಯವಾದ ಮಾತನ್ನೂ ಬೇಗ ಮುಗಿಸಬಹುದಿತ್ತು ಎಂದು ಇನ್ನೂ ಸ್ವಲ್ಪ ಕಡಿದಿತ್ತು. ವಸಂತದಲ್ಲಿ ದೋಣಿಮನೆ ಸ್ಟಾಕ್‌ಹೋಮ್‌ನ ಒಬ್ಬ ದಂತವೈದ್ಯರಿಗೆ ಹೋಯಿತು. ಬೇಸಿಗೆಯಲ್ಲಿ ಅಲ್ಲಿ ಮಲಗಲು ಅನುಕೂಲವಾಗಲೆಂದು ಅವರು ಅರ್ಧ ಕಟ್ಟಿದ ದೋಣಿಯನ್ನು ಕಡಿದು ಹೊರಹಾಕಿಸಿದರಂತೆ. ಇದನ್ನು ನನಗೆ ಹೇಳಿದವರು ಯೋರಾನ್. ಅವರಿಗೆ ಆ ದಂತವೈದ್ಯರ ವಕೀಲರ ಪರಿಚಯವಿತ್ತು.

ಆ ಕಚೇರಿಯಲ್ಲಿ ನಾನು ಇನ್ನೂ ಬಹಳ ವರ್ಷ ಇದ್ದೆ. ಅಲ್ಲಿಂದಲೇ ನಿವೃತ್ತಳಾದೆ. ಬೇರೆ ಕಡೆ ಕೆಲಸ ಸಿಗುವುದು ಸುಲಭವಿರಲಿಲ್ಲ, ಮನೆಗೆ ಒಂದೇ ಸಂಬಳವಾಗಿತ್ತು. ಕೆಲಸ ನನಗೆ ಕಲಿಸಿದ್ದು ಇಷ್ಟು: ಮನುಷ್ಯರು ಆಡಿದ ಮಾತನ್ನು ಬೇಕಾದದ್ದು ಬೇಡವಾದದ್ದು ಎಂದು ವಿಂಗಡಿಸಬಹುದು. ಯಾರಿಗೂ ಅದು ಅಸಾಧ್ಯವಲ್ಲ. ಮೆರ್ತಾರಂಥವರೂ ಮಾಡಬಲ್ಲರು. ವಿಂಗಡಿಸಿದ ಮೇಲೆ ಬೇಡವಾದದ್ದರ ಬೆಲೆಯನ್ನು ಅದು ಯಾರಿಗೆ ಬೇಕಿತ್ತೋ ಅವರೇ ಕೊಡುತ್ತಾರೆ.

ಪ್ರಕಾಶ್ ಅವರ ಅಂತ್ಯಕ್ರಿಯೆ ಆ ವಿಚಾರಣೆಯ ಮರುವಾರ ಆಯಿತು. ಕಾರ್ಖಾನೆಯವರು ಬಂದಿದ್ದರು. ಕಾಫಿಯ ಹೊತ್ತಿನಲ್ಲಿ ನಾನು ವಿನಯ್‌ನನ್ನು ಹುಡುಕಿ ಹತ್ತಿರ ಕರೆದೆ. ದೊಗಳೆ ಕಪ್ಪು ಕೋಟಿನಲ್ಲಿ ನಿಂತಿದ್ದ. ಕಾಫಿ ರೂಮಿನ ಬೊಂಬೆಯ ವಿಷಯ ಕೇಳಿದೆ.

"ಬೊಂಬೆನಾ ಮೇಡಂ?" ಎಂದು ಕೆಂಪಾದ. "ಸರ್ ನೋಡಿದ್ರಾ ಅದನ್ನ?"

"ನೋಡಿದ್ರಂತೆ. ನೀವು ಅದಕ್ಕೆ ಏನೋ ಹೇಳಿದ್ರಂತೆ. ಏನ್ ಹೇಳಿದ್ರಿ?"

ಅವನು ನಿಜವಾಗಿಯೂ ಯೋಚಿಸಿದ. "ನೆನಪಿಲ್ಲ ಮೇಡಂ. ಬಂದ ಹೊಸದ್ರಲ್ಲಿ ಯಾರ್ ಹತ್ರ ಏನೇನ್ ಮಾತಾಡಿದ್ನೋ. ಸರ್ ಏನಂದ್ರು?"

"ಸಂಜೆ ಹೇಳ್ತೀನಿ ಅಂದ್ರು," ಎಂದೆ.

ವಿನಯ್ ಆಮೇಲೆ ದೂರದ ಉತ್ತರದ ಲುಲೆಯೊ ಊರಿನಲ್ಲಿ ಕೆಲಸ ಸಿಕ್ಕಿ ಹೋದ. ಹೋಗುವ ಮುಂಚೆ ಫೋನ್ ಮಾಡಿ, ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ ಮೇಡಂ ಎಂದ. ಅವನು ಆ ಬೊಂಬೆಗೆ ಏನು ಹೇಳಿದ ಎಂಬುದು ನನಗೆ ಇನ್ನೂ ಗೊತ್ತಿಲ್ಲ.